ನಮಗ್ಯಾರು ಫೋನ್ ಮಾಡ್ತಾರೆ?

ಏಪ್ರಿಲ್ ಬಂತು ಅಂದ್ರೆ ನಮ್ಮ ಎನ್.ಆರ್. ಕಾಲೋನಿ ರಸ್ತೇಲಿ ಸೂಟ್‌ಕೇಸ್ ತೂಗೋ ಸೀಸನ್ ಶುರು. ಒಂದು ಮನೆಯವರು ಸ್ಯಾನ್ ಹೋಸೆಗೆ, ಎದುರು ಮನೆಯವರು ಮ್ಯೂನಿಕ್‌ಗೆ, ಮೂಲೆ ಮನೆ ಅಜ್ಜಿ ಸಿಡ್ನಿಗೆ. ಮಗಳ ಬಾಣಂತನ, ಮೊಮ್ಮಗನ ಶಾಲೆ ರಜೆ, ಇಲ್ಲಾ ಸುಮ್ನೆ ‘ಒಂದ್ಸಲ ಬಂದು ಹೋಗಿ’ ಅನ್ನೋ ಮಗನ ಒತ್ತಾಯ. ಸಾರಿನ ಪುಡಿ, ಹುಳಿ ಪುಡಿ, ಚಟ್ನಿಪುಡಿ ಎಲ್ಲ ಪ್ಯಾಕ್ ಆಗಿ, ಉಪ್ಪಿನಕಾಯಿಗೆ ಎರಡೆರಡು ಕವರ್ ಸುತ್ತಿ, 23 ಕೆ.ಜಿ. ದಾಟಲಿಲ್ಲ ಅಂತ ಖಾತ್ರಿಯಾದ ಮೇಲೆ, ಹೊರಡೋಕೆ ಎರಡು ದಿನ ಇರುವಾಗ ಒಬ್ಬೊಬ್ಬರಾಗಿ ನಮ್ಮನೆ ಬೆಲ್ ಒತ್ತುತ್ತಾರೆ. ಕೈಯಲ್ಲಿ ಫೋನು. ‘ಏನಪ್ಪಾ, ಸಿಮ್ ಏನ್ಮಾಡ್ಲಿ?’

ನಾನು ಟೆಲಿಕಾಂ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯೋನು. ಹಾಗಾಗಿ ಈ ರಸ್ತೆಗೆ ಸಿಮ್ ಡಾಕ್ಟರ್. ಫೀಸು ಒಂದು ಲೋಟ ಕಾಫಿ, ವಾಪಸ್ ಬಂದಾಗ ಒಂದು ಪ್ಯಾಕೆಟ್ ಬಾದಾಮಿ.

ಅವರೆಲ್ಲ ಕೇಳೋ ಪ್ರಶ್ನೆ ಒಂದೇ: ‘ಕಡಿಮೆ ಖರ್ಚಲ್ಲಿ ಇಲ್ಲಿಗೆ ಮಾತಾಡೋದು ಹೇಗೆ?’ ಅದಕ್ಕೆ ಉತ್ತರ ಸಿಕ್ಕಿ ಹತ್ತು ವರ್ಷವಾಯ್ತು. ವಾಟ್ಸಾಪ್‌ನಲ್ಲಿ 2015ರಿಂದ ಕರೆ, 2016ರಿಂದ ವಿಡಿಯೋ ಬಂತು. ಅಲ್ಲಿಗೆ ಆ ಅಧ್ಯಾಯ ಮುಗೀತು. ಈಗ ಕೇಳಬೇಕಾದ ಪ್ರಶ್ನೆ ಬೇರೆ. ಅಲ್ಲಿ ಇರೋ ಆರು ತಿಂಗಳು ನಿಮ್ಮ ಇಲ್ಲಿನ ನಂಬರ್ ಬದುಕಿರುತ್ತಾ? ಅಲ್ಲಿ ನಿಮಗೆ ಅಂತ ಒಂದು ನಂಬರ್ ಇರುತ್ತಾ?

ಎರಡನೇ ಪ್ರಶ್ನೆ ಕೇಳಿದ್ರೆ ಎಲ್ಲರೂ ನಗ್ತಾರೆ. ಹೋದ ವರ್ಷ ನಮ್ಮಮ್ಮನೂ ನಕ್ಕಿದ್ದಳು. ‘ಅಯ್ಯೋ, ಮನೇಲಿ ವೈಫೈ ಇರುತ್ತಲ್ಲೋ. ಸಿಮ್ ಯಾಕೆ ದಂಡ? ಅಲ್ಲಿ ನಮಗ್ಯಾರು ಫೋನ್ ಮಾಡ್ತಾರೆ?’

ಅಕ್ಕ ಭಾವ ಇರೋದು ಟೆಕ್ಸಸ್‌ನಲ್ಲಿ, ಡಲ್ಲಾಸ್ ಪಕ್ಕದ ಊರು. ಅಮ್ಮ ರಿಟೈರ್ಡ್ ಹೈಸ್ಕೂಲ್ ಟೀಚರ್, 66 ವರ್ಷ. ಇಲ್ಲಿ ದಿನಾ ಬೆಳಗ್ಗೆ ಆರಕ್ಕೆ ಕೃಷ್ಣರಾವ್ ಪಾರ್ಕ್‌ನಲ್ಲಿ ಐದು ಸುತ್ತು, ಆಮೇಲೆ ಗಾಂಧಿ ಬಜಾರ್‌ನಲ್ಲಿ ಹೂವು, ತರಕಾರಿ, ದಾರೀಲಿ ಸಿಕ್ಕ ಹಳೇ ಸ್ಟೂಡೆಂಟ್‌ಗಳ ಸಂಸಾರದ ವಿಚಾರಣೆ. ಅಂಥವಳು ಅಲ್ಲಿ ಹೋಗಿ ಎರಡನೇ ವಾರ ಒಬ್ಬಳೇ ವಾಕಿಂಗ್ ಹೊರಟಳು. ಅಕ್ಕ ಭಾವ ಇಬ್ರೂ ಆಫೀಸಿಗೆ ಹೋಗಿದ್ರು, ಅಪ್ಪ ಮಲಗಿದ್ರು.

ಅಲ್ಲಿನ ಬಡಾವಣೆಗಳು ನಿಮಗೆ ಗೊತ್ತಿರಬಹುದು. ಒಂದೇ ಬಣ್ಣದ ಇಟ್ಟಿಗೆ, ಒಂದೇ ಥರದ ಗ್ಯಾರೇಜ್ ಬಾಗಿಲು, ಒಂದೇ ಎತ್ತರದ ಹುಲ್ಲು. ನಮ್ಮಲ್ಲಾದ್ರೆ ‘ರಂಗೋಲಿ ಮನೆ’, ‘ಸಂಪಿಗೆ ಮರದ ಮನೆ’ ಅಂತ ಗುರುತು ಇಟ್ಕೋಬಹುದು. ನಾಲ್ಕು ತಿರುವು ಆದ್ಮೇಲೆ ಅಮ್ಮನಿಗೆ ದಾರಿ ತಪ್ಪಿತು. ಫೋನ್ ಕೈಯಲ್ಲೇ ಇತ್ತು, ಬ್ಯಾಟರಿ ಪೂರ್ತಿ ಇತ್ತು. ಆದ್ರೆ ವೈಫೈ ಎರಡನೇ ಮನೆ ಹತ್ರಾನೇ ಮುಗಿದಿತ್ತು. ಅಕ್ಕನಿಗೆ ವಾಟ್ಸಾಪ್ ಕಳಿಸಿದಳು. ಮೆಸೇಜ್ ಪಕ್ಕ ಗಡಿಯಾರದ ಗುರುತು ಬಂದು ಅಲ್ಲೇ ನಿಂತಿತು. ಮ್ಯಾಪ್ ತೆರೆದರೆ ಬರೀ ಬೂದು ಚೌಕಗಳು. ಇಲ್ಲಿನ ಸಿಮ್ ಒಳಗೇ ಇತ್ತು, ಆದ್ರೆ ಹೊರಡುವಾಗ ಯಾರೋ ನೆಂಟರು ‘ರೋಮಿಂಗ್ ಆನ್ ಇದ್ರೆ ಸಾವಿರಾರು ರೂಪಾಯಿ ಬಿಲ್ ಬರುತ್ತೆ’ ಅಂತ ಹೆದರಿಸಿ ಏರೋಪ್ಲೇನ್ ಮೋಡ್‌ಗೆ ಹಾಕಿಸಿದ್ರು.

ನಾಯಿ ಕರ್ಕೊಂಡು ಹೋಗ್ತಿದ್ದ ಹೆಂಗಸೊಬ್ಬರು ನಿಂತು ವಿಚಾರಿಸಿದ್ರು, ತಮ್ಮ ಫೋನ್‌ನಿಂದ ಅಕ್ಕನಿಗೆ ಕರೆ ಮಾಡಿದ್ರು. ಅಕ್ಕ ಮೀಟಿಂಗ್‌ನಲ್ಲಿದ್ದಳು. ಗುರುತಿಲ್ಲದ ನಂಬರ್. ಎತ್ತಲಿಲ್ಲ. ನೀವಾಗಿದ್ರೂ ಎತ್ತುತ್ತಿರಲಿಲ್ಲ, ನಾನಂತೂ ಇಲ್ಲ. ಕೊನೆಗೆ ಈಜುಕೊಳದ ಪಕ್ಕದ ಅಂಚೆ ಡಬ್ಬಗಳ ಸಾಲು ನೋಡಿ ಅಮ್ಮನೇ ದಾರಿ ಕಂಡುಹಿಡಿದಳು. ಎಲ್ಲ ಸೇರಿ ಒಂದು ಗಂಟೆ.

ಒಂದು ಗಂಟೆ ದಾರಿ ತಪ್ಪಿದ್ದು ದೊಡ್ಡ ವಿಷಯ ಅಲ್ಲ. ಅದಾದ ಮೇಲೆ ಮೂರು ವಾರ ಅಮ್ಮ ಮನೆಯಿಂದ ಆಚೆ ಒಬ್ಬಳೇ ಕಾಲಿಡಲಿಲ್ಲ, ಯಾಕೆ ಅಂತ ಯಾರಿಗೂ ಹೇಳಲೂ ಇಲ್ಲ. ನನಗೆ ಗೊತ್ತಾಗಿದ್ದು ವಿಡಿಯೋ ಕಾಲ್‌ನಲ್ಲಿ ‘ಏನಮ್ಮಾ, ಕಾಲು ಊದಿರೋ ಹಾಗಿದೆಯಲ್ಲ’ ಅಂತ ಕೇಳಿದಾಗ. ‘ವಾಕಿಂಗ್ ಬಿಟ್ಟೆ ಕಣೋ’ ಅಂದಳು. 30 ವರ್ಷ ನಾಲ್ಕು ಸೆಕ್ಷನ್ ಮಕ್ಕಳನ್ನ ಹದ್ದುಬಸ್ತಿನಲ್ಲಿಟ್ಟ ಹೆಂಗಸು, ವೈಫೈ ಎಲ್ಲಿವರೆಗೆ ಬರುತ್ತೋ ಅಲ್ಲಿವರೆಗೆ ಮಾತ್ರ ಓಡಾಡ್ತಿದ್ದಳು.

ನಮ್ಮ ಹಿಂದಿನವರು ಹೊರದೇಶಕ್ಕೆ ಹೋದಾಗ ಇದಕ್ಕಿಂತ ಕಷ್ಟ ಇತ್ತಲ್ಲ ಅಂತ ನೀವು ಹೇಳಬಹುದು. ನಿಜ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ‘ಅಮೆರಿಕಾದಲ್ಲಿ ಗೊರೂರು’ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಕಾಲದಲ್ಲಿ ಅಲ್ಲಿಂದ ಇಲ್ಲಿಗೆ ಸುದ್ದಿ ಬರಬೇಕಾದ್ರೆ ನೀಲಿ ಏರೋಗ್ರಾಮ್. ಒಳಗೆ ಏನೂ ಇಡೋ ಹಾಗಿಲ್ಲ, ಜಾಗ ಸಾಲದೆ ಅಂಚಿನಲ್ಲೂ ಬರೀತಿದ್ರು, ಮಡಿಸಿ ಅಂಟಿಸೋ ಪಟ್ಟಿ ಕೆಳಗೂ ಎರಡು ಸಾಲು. ಅವಸರಕ್ಕೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯೋದು. ಆಮೇಲೆ ಹಳದಿ ಬೋರ್ಡಿನ ಎಸ್‌ಟಿಡಿ ಐಎಸ್‌ಡಿ ಬೂತ್ ಬಂತು. ನಮ್ಮಜ್ಜಿ ರಾತ್ರಿ ರಿಯಾಯಿತಿ ದರಕ್ಕೆ ಕಾದು ಬೂತ್‌ಗೆ ಹೋಗ್ತಿದ್ದದ್ದು ನನಗೆ ನೆನಪಿದೆ. ಮಾತಿಗಿಂತ ಹೆಚ್ಚಾಗಿ ಮೀಟರ್ ಮೇಲಿನ ಕೆಂಪು ಅಂಕಿ ನೋಡ್ತಿದ್ದರು. ‘ಚೆನ್ನಾಗಿದೀಯಾ, ಊಟ ಆಯ್ತಾ, ಇಡ್ಲಾ?’ ಮೂರೇ ವಾಕ್ಯ. 2002ರ ಏಪ್ರಿಲ್ 1ರಂದು ಹೊರದೇಶದ ಕರೆಗಳ ಮೇಲಿದ್ದ ವಿಎಸ್‌ಎನ್‌ಎಲ್ ಏಕಸ್ವಾಮ್ಯ ಹೋಯ್ತು, ಅದೇ ದಿನದಿಂದ ಇಂಟರ್ನೆಟ್ ಮೂಲಕ ಕರೆ ಮಾಡೋದಕ್ಕೂ ಅನುಮತಿ ಸಿಕ್ಕಿತು. ಮರುವರ್ಷ ಸ್ಕೈಪ್ ಹುಟ್ಟಿತು. ಒಂದು ತಲೆಮಾರಿನ ಅಪ್ಪ ಅಮ್ಮಂದಿರಿಗೆ ಮೌಸ್ ಹಿಡಿಯೋದು ಕಲಿಸಿದ್ದೇ ಸ್ಕೈಪ್. 2025ರ ಮೇ 5ಕ್ಕೆ ಅದೂ ಬಾಗಿಲು ಹಾಕಿತು. ನಮ್ಮ ರಸ್ತೇಲಿ ಅದಕ್ಕೆ ಬೇಜಾರು ಮಾಡ್ಕೊಂಡವರು ಮೂರು ಜನ, ಮೂವರೂ 70 ದಾಟಿದವರು.

ಆದ್ರೆ ಹಳೇ ಕಾಲದಲ್ಲಿ ಒಂದು ವಿಷಯ ಗಟ್ಟಿಯಾಗಿತ್ತು. ಏರೋಗ್ರಾಮ್ ಮೇಲೆ ಹೋದವರ ಹೆಸರೇ ಇರ್ತಿತ್ತು, ಅಂಚೆಯವನು ಅವರ ಹೆಸರಿಗೇ ತಂದುಕೊಡ್ತಿದ್ದ. ಈಗ ಸಂಪರ್ಕ 24 ಗಂಟೆಯೂ ಇದೆ, ಆದ್ರೆ ಮಗಳ ವೈಫೈ, ಅಳಿಯನ ಹಾಟ್‌ಸ್ಪಾಟ್, ಮೊಮ್ಮಗನ ಟ್ಯಾಬ್. ಅಂಗಡಿ ಕೌಂಟರ್‌ನಲ್ಲಿ ‘ಫೋನ್ ನಂಬರ್?’ ಅಂದ್ರೆ ಮಗಳ ಮುಖ ನೋಡ್ಬೇಕು. ಔಷಧಿ ಅಂಗಡೀಲಿ ಕೇಳಿದ್ರೂ ಅಷ್ಟೇ, ಲೈಬ್ರರಿ ಕಾರ್ಡ್ ಫಾರ್ಮ್‌ನಲ್ಲಿ ಕೇಳಿದ್ರೂ ಅಷ್ಟೇ.

ಹೊರಗಿನಿಂದ ಇಲ್ಲಿಗೆ ಬಂದವರ ಪಾಡೂ ಬೇರೆ ಅಲ್ಲ ಬಿಡಿ. ಹೋದ ಡಿಸೆಂಬರ್‌ನಲ್ಲಿ ನಮ್ಮ ಆಫೀಸಿನ ಜರ್ಮನ್ ಸಹೋದ್ಯೋಗಿ ಒಬ್ಬ ಬಂದಿದ್ದ. ವಿದ್ಯಾರ್ಥಿ ಭವನದಲ್ಲಿ ದೋಸೆ ತಿನ್ನಿಸಿ, ಸಂಜೆ ವಿ.ವಿ. ಪುರಂ ತಿಂಡಿ ಬೀದಿಗೆ ಕರ್ಕೊಂಡು ಹೋದೆ. ತಾನೇ ದುಡ್ಡು ಕೊಡ್ತೀನಿ ಅಂತ ಹಟ. ಅವನ ಕಾರ್ಡ್ ಯಾರಿಗೂ ಬೇಡ, 500ರ ನೋಟಿಗೆ ಚಿಲ್ಲರೆ ಇಲ್ಲ. ಎಲ್ಲಾ ಕಡೆ ಕ್ಯೂಆರ್. ಕೆಫೆಯ ವೈಫೈ ಕೂಡ ‘ನಿಮ್ಮ ಮೊಬೈಲ್ ನಂಬರ್ ಹಾಕಿ, ಓಟಿಪಿ ಬರುತ್ತೆ’ ಅನ್ನುತ್ತೆ. ‘ನಿಮ್ಮೂರಲ್ಲಿ ನಂಬರ್ ಇಲ್ಲದಿದ್ರೆ ಮನುಷ್ಯನೇ ಅಲ್ವಾ?’ ಅಂದ. ಹೊರದೇಶದವರಿಗಾಗಿ ಯುಪಿಐ ವ್ಯವಸ್ಥೆ ಒಂದಿದೆ. 2023ರ ಫೆಬ್ರವರಿಯಲ್ಲಿ ಜಿ20 ದೇಶಗಳಿಂದ ಬರೋರಿಗೆ ಬೆಂಗಳೂರು, ಮುಂಬೈ, ದೆಹಲಿ ವಿಮಾನ ನಿಲ್ದಾಣಗಳಲ್ಲಿ ರಿಸರ್ವ್ ಬ್ಯಾಂಕ್ ಅದನ್ನ ಶುರು ಮಾಡಿಸಿತು. ಮೊದಲೇ ದುಡ್ಡು ತುಂಬಿಸಿಕೊಳ್ಳೋ ವಾಲೆಟ್, ಇಲ್ಲಿನ ಬ್ಯಾಂಕ್ ಖಾತೆ ಬೇಡ. ಅವನಿಗೆ ಅದರ ಬಗ್ಗೆ ಯಾರೂ ಹೇಳಿರಲಿಲ್ಲ.

ಸರಿ, ನಮ್ಮವರ ವಿಷಯಕ್ಕೆ ಬರ್ತೀನಿ. ಮೊದಲು ಇಲ್ಲಿನ ನಂಬರ್.

ಅಮ್ಮನ ಕಥೆ ಒಂದಾದ್ರೆ ಅಪ್ಪನದು ಇನ್ನೊಂದು. ಅಪ್ಪ ಟೆಕ್ಸಸ್‌ನಲ್ಲಿದ್ರೂ ಮನಸ್ಸು ಬುಲ್ ಟೆಂಪಲ್ ರಸ್ತೆಯ ಬ್ಯಾಂಕ್‌ನಲ್ಲಿ. ಎಫ್‌ಡಿ ನವೀಕರಣ, ಬೆಸ್ಕಾಂ ಬಿಲ್, ಮನೆ ಕಂದಾಯ (ಏಪ್ರಿಲ್‌ನಲ್ಲೇ ಕಟ್ಟಿದ್ರೆ ಶೇ 5 ರಿಯಾಯಿತಿ, ಅದನ್ನ ಬಿಡೋ ಪೈಕಿ ಅಲ್ಲ ಅವರು). ನವೆಂಬರ್ ಹೊತ್ತಿಗೆ ಪಿಂಚಣಿಯ ಜೀವನ ಪ್ರಮಾಣಪತ್ರ. ಎಲ್ಲದಕ್ಕೂ ಒಂದೇ ಬೀಗದಕೈ: ಇಲ್ಲಿನ ನಂಬರ್‌ಗೆ ಬರೋ ಓಟಿಪಿ. ಆ ನಂಬರ್ ನಿಂತರೆ ಸ್ವಂತ ದುಡ್ಡು ಸ್ವಂತ ಖಾತೇಲಿ ಇದ್ದೂ ಮುಟ್ಟೋಕಾಗಲ್ಲ.

ಜನಕ್ಕೆ ಇರೋ ದೊಡ್ಡ ತಪ್ಪು ಕಲ್ಪನೆ ಅಂದ್ರೆ, ಸಿಮ್ ಆನ್ ಇದ್ರೆ ದುಡ್ಡು ಹೋಗುತ್ತೆ ಅನ್ನೋದು. ಒಳಗೆ ಏನಾಗುತ್ತೆ ಹೇಳ್ತೀನಿ, ಇದು ನನ್ನ ಹೊಟ್ಟೆಪಾಡಿನ ವಿಷಯ. ನಿಮ್ಮ ಸಿಮ್ ಡಲ್ಲಾಸ್‌ನಲ್ಲಿ ಆನ್ ಆದ ತಕ್ಷಣ ಅಲ್ಲಿನ ನೆಟ್‌ವರ್ಕ್ ಇಲ್ಲಿನ ನಿಮ್ಮ ಕಂಪನಿಗೆ ‘ನಿಮ್ಮ ಕಡೆಯವರು ನಮ್ಮಲ್ಲಿಗೆ ಬಂದಿದ್ದಾರೆ’ ಅಂತ ತಿಳಿಸುತ್ತೆ, ಊರಿಗೆ ತಲುಪಿದ ಮೇಲೆ ಮನೆಗೆ ಫೋನ್ ಮಾಡಿ ಹೇಳ್ತೀವಲ್ಲ, ಹಾಗೆ. ಕಂಪನಿ ತನ್ನ ದಾಖಲೇಲಿ ‘ಇವರು ಈಗ ಇಂಥಾ ಕಡೆ ಇದ್ದಾರೆ’ ಅಂತ ಬರ್ಕೊಳ್ಳುತ್ತೆ. ಬ್ಯಾಂಕ್ ಓಟಿಪಿ ಕಳಿಸಿದಾಗ ಅದು ಆ ವಿಳಾಸಕ್ಕೆ ತಿರುಗುತ್ತೆ. ಎಸ್ಸೆಮ್ಮೆಸ್ ಬರೋದಕ್ಕೆ ಇಂಟರ್ನೆಟ್ ಬೇಡ. ಅಂದ್ರೆ ಡೇಟಾ ರೋಮಿಂಗ್ ಆಫ್ ಮಾಡಿ, ಸಿಮ್ ಆನ್ ಇಟ್ರೆ ಓಟಿಪಿ ಬರುತ್ತೆ. ಒಳಬರೋ ಎಸ್ಸೆಮ್ಮೆಸ್‌ಗೆ ಸಾಮಾನ್ಯವಾಗಿ ನಮ್ಮ ಕಂಪನಿಗಳು ದುಡ್ಡು ತಗೊಳ್ಳಲ್ಲ, ಹೊರಡೋ ಮೊದಲು ಆ್ಯಪ್‌ನಲ್ಲಿ ಒಮ್ಮೆ ಖಚಿತ ಮಾಡ್ಕೊಳ್ಳಿ. ದುಡ್ಡು ಹೋಗೋದು ಡೇಟಾಗೆ, ಕರೆಗೆ. ಒಳಬರೋ ಕರೆ ಎತ್ತಿದ್ರೂ ಹೋಗುತ್ತೆ. ಬೆಳಗಿನ ಜಾವ ಮೂರು ಗಂಟೆಗೆ ‘ಸರ್, ಪರ್ಸನಲ್ ಲೋನ್ ಬೇಕಾ?’ ಅನ್ನೋರ ಜೊತೆ ಜಗಳ ಆಡಿದ್ರೆ ಆ ಜಗಳದ ನಿಮಿಷಗಳಿಗೂ ರೋಮಿಂಗ್ ದರ.

ಇದೆಲ್ಲ ಆಗ್ಬೇಕಾದ್ರೆ ಅಂತರರಾಷ್ಟ್ರೀಯ ರೋಮಿಂಗ್ ಇಲ್ಲಿಂದ ಹೊರಡೋ ಮುಂಚೆಯೇ ಆನ್ ಆಗಿರ್ಬೇಕು. ಅಲ್ಲಿಗೆ ಹೋಗಿ ಆನ್ ಮಾಡ್ತೀನಿ ಅಂದ್ರೆ ಅದಕ್ಕೂ ಓಟಿಪಿ ಕೇಳುತ್ತೆ. ಬೀಗದಕೈ ಒಳಗಿಟ್ಟು ಬಾಗಿಲು ಎಳ್ಕೊಂಡ ಹಾಗೆ.

ಇನ್ನು ದಿನಗಳ ಲೆಕ್ಕ. ಅಮೆರಿಕಕ್ಕೆ ವಿಸಿಟರ್ ವೀಸಾದಲ್ಲಿ ಹೋದ ಅಪ್ಪ ಅಮ್ಮಂದಿರಿಗೆ ಸಾಮಾನ್ಯವಾಗಿ ಆರು ತಿಂಗಳು ಇರೋಕೆ ಬಿಡ್ತಾರೆ. ಆದ್ರೆ ಟ್ರಾಯ್ ನಿಯಮದ ಪ್ರಕಾರ 90 ದಿನ ಬಳಕೆಯಿಲ್ಲದ ಪ್ರೀಪೇಯ್ಡ್ ನಂಬರ್ ಅನ್ನ ಕಂಪನಿ ಮುಚ್ಚಬಹುದು. ಖಾತೇಲಿ 20 ರೂಪಾಯಿ ಇದ್ರೆ ಅದನ್ನ ಕಡಿದುಕೊಂಡು ನಂಬರ್ ಉಳಿಸೋ ವ್ಯವಸ್ಥೆ ಇದೆ. ಆದ್ರೆ ನಂಬರ್ ಉಳಿಯೋದು ಬೇರೆ, ಅದಕ್ಕೆ ಎಸ್ಸೆಮ್ಮೆಸ್ ಬರ್ತಾ ಇರೋದು ಬೇರೆ. ರೀಚಾರ್ಜ್ ಅವಧಿ ಮುಗಿದ್ರೆ ಒಳಬರೋದೂ ನಿಲ್ಲುತ್ತೆ. ಅದಕ್ಕೇ ಹೊರಡೋ ಮುಂಚೆ ಇಡೀ ವಾಸದ ಅವಧಿಗೆ ರೀಚಾರ್ಜ್ ಮಾಡಿಸಿ. 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಒಂದು ಒಳ್ಳೇ ಕೆಲಸ ಮಾಡಿತು: ಡೇಟಾ ಇಲ್ಲದ, ಬರೀ ಕರೆ ಮತ್ತು ಎಸ್ಸೆಮ್ಮೆಸ್ ಇರೋ ಪ್ಯಾಕ್ ಕೊಡಲೇಬೇಕು ಅಂತ ಕಂಪನಿಗಳಿಗೆ ಹೇಳಿತು, ವೋಚರ್‌ಗಳ ಗರಿಷ್ಠ ಅವಧಿಯನ್ನ 90ರಿಂದ 365 ದಿನಕ್ಕೆ ಏರಿಸಿತು. ಆರು ತಿಂಗಳು ಊರಲ್ಲೇ ಇಲ್ಲದವರಿಗೆ ಇದು ಹೇಳಿ ಮಾಡಿಸಿದ್ದು. ಅಂಗಡಿಯವನು ಇದನ್ನ ತಾನಾಗಿ ತೋರಿಸಲ್ಲ, ನೀವೇ ಕೇಳ್ಬೇಕು.

ನಮ್ಮ ಕಡೆ ಇನ್ನೊಂದು ಅಭ್ಯಾಸ ಇದೆ. ಸಿಮ್ ತೆಗೆದು ಹಳೇ ನೋಕಿಯಾದಲ್ಲಿ ಹಾಕಿ ತಮ್ಮನ ಮನೇಲಿಟ್ಟು ಹೋಗೋದು. ಓಟಿಪಿ ಬಂದಾಗ ಅವನು ಓದಿ ಹೇಳ್ತಾನೆ. ತಮ್ಮ ಒಳ್ಳೇವನೇ ಇರಬಹುದು, ಆದ್ರೆ ಟೆಕ್ಸಸ್‌ನಲ್ಲಿ ಮಧ್ಯಾಹ್ನ ಅಂದ್ರೆ ಅವನಿಗೆ ನಡುರಾತ್ರಿ. ಅಲ್ಲದೆ ಓಟಿಪಿ ಬಾಯಲ್ಲಿ ಹೇಳೋ ಅಭ್ಯಾಸ ಒಮ್ಮೆ ಬಿದ್ರೆ, ನಾಳೆ ‘ಬ್ಯಾಂಕಿಂದ ಮಾತಾಡ್ತಿದೀವಿ’ ಅಂದವನಿಗೂ ಹೇಳೋದು ಸುಲಭ ಆಗುತ್ತೆ. ಜೊತೆಗೆ, 2025ರ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ವಾಟ್ಸಾಪ್‌ನಂಥ ಆ್ಯಪ್‌ಗಳಿಗೆ, ನೋಂದಣಿಯಾದ ಸಿಮ್ ಆ ಫೋನಲ್ಲೇ ಇದ್ರೆ ಮಾತ್ರ ಕೆಲಸ ಮಾಡೋ ಹಾಗೆ ಬದಲಾಯಿಸಿ ಅಂತ ಆದೇಶ ಕೊಟ್ಟಿತು. ಆದೇಶ ಏನೇ ಇರಲಿ, ಸಿಮ್ ಬೀರುವಿನಲ್ಲಿಟ್ಟು ಹೋಗೋ ಕಾಲ ಮುಗೀತು ಅಂತಾನೇ ಅಂದ್ಕೊಳ್ಳಿ. ಸಿಮ್ ಜೊತೆಗಿರಲಿ.

ಎರಡನೇದು ಅಲ್ಲಿನ ನಂಬರ್. ಇಲ್ಲಿ ಹುಷಾರು. ಈಗ ಆ್ಯಪ್‌ನಲ್ಲಿ ಐದು ನಿಮಿಷಕ್ಕೆ ಸಿಗೋ ಪ್ರವಾಸಿ ಇ-ಸಿಮ್‌ಗಳಿವೆಯಲ್ಲ, ಅದರಲ್ಲಿ ಹೆಚ್ಚಿನವು ಬರೀ ಡೇಟಾ. ವಾಟ್ಸಾಪ್ ನಡೆಯುತ್ತೆ, ಮ್ಯಾಪ್ ನಡೆಯುತ್ತೆ, ಆದ್ರೆ ಮಾಮೂಲಿ ಕರೆ ಬರಲ್ಲ, ಹೋಗಲ್ಲ. ನಾವು ನೀವು ಒಂದು ವಾರ ವಿಯೆಟ್ನಾಂ ಸುತ್ತೋಕೆ ಸಾಕು. ಆರು ತಿಂಗಳು ಇರೋ ಅಮ್ಮನಿಗೆ ಸಾಲಲ್ಲ. ಅವರಿಗೆ ಬೇಕಾಗಿರೋದು ಅಲ್ಲಿನ ಲೋಕಲ್ ನಂಬರ್. ನಿಮ್ಮ ಫ್ಯಾಮಿಲಿ ಪ್ಲಾನ್‌ಗೆ ಒಂದು ಲೈನ್ ಸೇರಿಸಿ, ಇಲ್ಲಾ ಪ್ರೀಪೇಯ್ಡ್ ತಗೊಳ್ಳಿ. ಇಲ್ಲಿಂದ ಫೋನ್ ಕಳಿಸೋಕೆ ಮುಂಚೆ *#06# ಒತ್ತಿ ಐಎಂಇಐ ಸಂಖ್ಯೆ ಬರ್ಕೊಂಡು, ಅಲ್ಲಿನ ಕಂಪನಿ ವೆಬ್‌ಸೈಟ್‌ನಲ್ಲಿ ಹಾಕಿ ನೋಡಿ. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲಿ 3ಜಿ ನಿಲ್ಲಿಸಿದ ಮೇಲೆ ಇಲ್ಲಿನ ಕೆಲವು ಫೋನ್‌ಗಳಲ್ಲಿ ಇಂಟರ್ನೆಟ್ ಬಂದ್ರೂ ಕರೆ ಹೋಗಲ್ಲ. ಹೊಸ ಸಿಮ್ ಹಾಕಿದಾಗ ವಾಟ್ಸಾಪ್ ‘ನಂಬರ್ ಬದಲಾಯಿಸಲಾ?’ ಅಂತ ಕೇಳಿದ್ರೆ ಬೇಡ ಅನ್ನಿ. ವಾಟ್ಸಾಪ್ ಹಳೇ ನಂಬರ್‌ನಲ್ಲೇ ಇರಲಿ.

ತುರ್ತು ಕರೆ ವಿಷಯ ಬೇಕಂತಲೇ ಬೇರೆ ಹೇಳ್ತೀನಿ. ವಾಟ್ಸಾಪ್‌ನಿಂದ 911ಗೆ ಕರೆ ಮಾಡೋಕಾಗಲ್ಲ. ಅಮೆರಿಕದಲ್ಲಿ ಸಿಮ್ ಇಲ್ಲದ ಫೋನ್‌ನಿಂದಲೂ 911 ಹೋಗ್ಬೇಕು ಅಂತ ಕಾನೂನೇ ಇದೆ. ಆದ್ರೆ ಮಧ್ಯೆ ಕರೆ ಕಡಿದು ಹೋದ್ರೆ ಅವರು ತಿರುಗಿ ಮಾಡೋಕೆ ನಿಮಗೊಂದು ನಂಬರ್ ಇರಲ್ಲ. ಜರ್ಮನಿಯಲ್ಲಂತೂ 2009ರಿಂದ ಚಾಲ್ತಿಯಲ್ಲಿರೋ ಸಿಮ್ ಇಲ್ಲದೆ 112 ಹೋಗೋದೇ ಇಲ್ಲ, ಸುಳ್ಳು ಕರೆಗಳ ಕಾಟಕ್ಕೆ ಹಾಗೆ ಮಾಡಿದ್ರು. ಅಪ್ಪನಿಗೆ ಬಿ.ಪಿ., ಸ್ಟೆಂಟ್ ಅಂತ ಇರೋ ಮನೆಗಳಲ್ಲಿ ಮಧ್ಯಾಹ್ನದ ಹೊತ್ತು ಇಬ್ಬರೇ ಇರ್ತಾರೆ ಅನ್ನೋದು ನೆನಪಿರಲಿ. ವಿಳಾಸ ಇಂಗ್ಲಿಷ್‌ನಲ್ಲಿ ದೊಡ್ಡದಾಗಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಭಾವ ಈಗ ಅಂಟಿಸಿದ್ದಾರೆ.

ಬೇರೆ ದೇಶಕ್ಕೆ ಹೋಗೋರಿಗೆ ಬೇರೆ ಬೇರೆ ತಲೆನೋವು. ಯುರೋಪಿಯನ್ ಒಕ್ಕೂಟದ ಒಂದು ದೇಶದ ಸಿಮ್ 2017ರ ಜೂನ್‌ನಿಂದ ಉಳಿದ ಸದಸ್ಯ ದೇಶಗಳಲ್ಲೂ ಹೆಚ್ಚುವರಿ ರೋಮಿಂಗ್ ದರ ಇಲ್ಲದೆ ನಡೆಯುತ್ತೆ. ಆದ್ರೆ ಸ್ವಿಟ್ಜರ್ಲೆಂಡ್, ಬ್ರಿಟನ್ ಆ ಲೆಕ್ಕಕ್ಕೆ ಬರಲ್ಲ, ಟೂರ್ ಪ್ಯಾಕೇಜ್‌ನವರು ಆಲ್ಪ್ಸ್ ಹತ್ತಿದಾಗ ಬಿಲ್ ಕೂಡ ಹತ್ತೋದು ಅಲ್ಲೇ. ದುಬೈನಲ್ಲಿ ವಾಟ್ಸಾಪ್ ಮೆಸೇಜ್ ಹೋಗುತ್ತೆ, ಕರೆ ಹೋಗಲ್ಲ. ನಮ್ಮ ಮಂಗಳೂರು, ಉಡುಪಿ ಕಡೆಯವರಿಗೆ ಇದು ಹೊಸದಲ್ಲ, ಮೊದಲ ಸಲ ಹೋಗೋ ಬೆಂಗಳೂರಿನವರು ಮಾತ್ರ ಫೋನ್ ಕೆಟ್ಟಿದೆ ಅಂದ್ಕೋತಾರೆ. ಚೀನಾದಲ್ಲಿ ಹೋಟೆಲ್ ವೈಫೈನಲ್ಲಿ ಗೂಗಲ್, ವಾಟ್ಸಾಪ್ ತೆರೆಯಲ್ಲ. ಆದ್ರೆ ನಮ್ಮ ಸಿಮ್‌ನ ರೋಮಿಂಗ್ ಡೇಟಾದಲ್ಲಿ ಸಾಮಾನ್ಯವಾಗಿ ತೆರೆಯುತ್ತೆ, ಯಾಕಂದ್ರೆ ಆ ಡೇಟಾ ಮೊದಲು ಇಲ್ಲಿನ ಕಂಪನಿಗೆ ಬಂದು ಇಲ್ಲಿಂದ ಆಚೆ ಹೋಗುತ್ತೆ. ಶಾಂಘೈನಲ್ಲಿ ಕೂತು ಭಾರತದ ಕಿಟಕಿಯಿಂದ ಇಣುಕಿದ ಹಾಗೆ.

ಪೇಪರ್, ರೇಡಿಯೋ ಬಗ್ಗೆ ಹೇಳದಿದ್ರೆ ಅಪ್ಪ ಬೇಜಾರು ಮಾಡ್ಕೋತಾರೆ. ಅವರಿಗೆ ಅಮೆರಿಕದಲ್ಲಿ ಸಿಕ್ಕ ಅತಿ ದೊಡ್ಡ ಖುಷಿ ಅಂದ್ರೆ, ನಾಳೆಯ ಪೇಪರ್ ಇವತ್ತೇ ಬರೋದು. ಬೇಸಿಗೆಯಲ್ಲಿ ಟೆಕ್ಸಸ್ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಬಸವನಗುಡಿಯಲ್ಲಿ ಬೆಳಗ್ಗೆ ಆರು ಅಂದ್ರೆ ಅಲ್ಲಿ ಹಿಂದಿನ ದಿನದ ಸಂಜೆ ಏಳೂವರೆ. ಊಟದ ಮೇಜಿನ ಮೇಲೆ ಟ್ಯಾಬ್ ಇಟ್ಕೊಂಡು ಮಂಗಳವಾರದ ಪೇಪರ್ ಸೋಮವಾರವೇ ಓದಿ, ‘ನಾಳೆ ಬೆಂಗಳೂರಲ್ಲಿ ಮಳೆಯಂತೆ’ ಅಂತ ಘೋಷಿಸ್ತಿದ್ರು. ಆಕಾಶವಾಣಿ ಬೆಂಗಳೂರು ‘ನ್ಯೂಸ್ ಆನ್ ಏರ್’ ಆ್ಯಪ್‌ನಲ್ಲಿ ಬರುತ್ತೆ, ಬೆಳಗಿನ ಪ್ರದೇಶ ಸಮಾಚಾರ ಕೇಳಿ ಮಲಗೋ ಅಭ್ಯಾಸ ಆಯ್ತು. ಅಮ್ಮನ ಧಾರಾವಾಹಿಗಳು ಮಾತ್ರ ಕೈಕೊಟ್ಟವು. ಓಟಿಟಿ ಆ್ಯಪ್‌ಗಳ ಹಕ್ಕು ದೇಶ ದೇಶಕ್ಕೆ ಬೇರೆ, ಇಲ್ಲಿ ಕಟ್ಟಿದ ಚಂದಾ ಅಲ್ಲಿ ನಡೆದೇ ನಡೆಯುತ್ತೆ ಅಂತಿಲ್ಲ. ಡೌನ್‌ಲೋಡ್ ಮಾಡ್ಕೊಂಡು ಹೋಗಿದ್ದ ಹತ್ತು ಕಂತು ವಿಮಾನದಲ್ಲೇ ಖಾಲಿಯಾಗಿತ್ತು.

ಅಮ್ಮನಿಗೆ ನಂಬರ್ ಬಂದಿದ್ದು ಐದನೇ ವಾರ. ಅಕ್ಕ ಒಂದು ಲೈನ್ ಸೇರಿಸಿದಳು. ನಾನು ಇಲ್ಲಿಂದಲೇ ವಿಡಿಯೋ ಕಾಲ್‌ನಲ್ಲಿ ಎರಡು ಸಿಮ್‌ಗೂ ಹೆಸರು ಹಾಕಿಸಿದೆ: ಒಂದಕ್ಕೆ ‘ಬಸವನಗುಡಿ’, ಇನ್ನೊಂದಕ್ಕೆ ‘ಡಲ್ಲಾಸ್’. ಡೇಟಾ ಡಲ್ಲಾಸ್, ಓಟಿಪಿ ಬಸವನಗುಡಿ. ಲೈವ್ ಲೊಕೇಶನ್ ಹಂಚಿಕೊಳ್ಳೋದು ಕಲಿಸೋಣ ಅಂದ್ರೆ ‘ಬೇಡ, ನಾನೇನು ಕೊರಿಯರ್ ಪಾರ್ಸಲ್ಲಾ?’ ಅಂದಳು. ಆಗಲಿ ಅಂತ ಬಿಟ್ಟೆ. ಮ್ಯಾಪ್‌ನಲ್ಲಿ ‘ಮನೆ’ ಒತ್ತಿದ್ರೆ ವಾಪಸ್ ದಾರಿ ತೋರಿಸುತ್ತೆ ಅನ್ನೋದೊಂದು ಸಾಕಾಯ್ತು.

ಮೊದಲ ದಿನ ಆ ನಂಬರ್‌ಗೆ ಬಂದ ಕರೆಗಳು ಎರಡೂ ಸ್ಪ್ಯಾಮ್, ಒಂದು ಕಾರ್ ವಾರಂಟಿ. ಅಮ್ಮ ಪೂರ್ತಿ ಕೇಳಿಸ್ಕೊಂಡು, ‘ನಮ್ಮ ಹತ್ರ ಕಾರಿಲ್ಲಪ್ಪ, ಮಗಳದು’ ಅಂತ ಇಂಗ್ಲಿಷ್‌ನಲ್ಲಿ ವಿವರಿಸಿ ಇಟ್ಟಳಂತೆ. ಆಮೇಲೆ ವಾಕಿಂಗ್ ಮತ್ತೆ ಶುರುವಾಯ್ತು. ಪಾರ್ಕ್‌ನಲ್ಲಿ ಒಬ್ಬರು ಗುಜರಾತಿ ಹೆಂಗಸು ಪರಿಚಯ ಆದರು, ಅವರೂ ಮಗನ ಮನೆಗೆ ಬಂದವರು. ಇಬ್ಬರಿಗೂ ಅರ್ಧಂಬರ್ಧ ಹಿಂದಿ. ನಂಬರ್ ಬದಲಾಯಿಸಿಕೊಂಡ್ರು. ಲೈಬ್ರರಿ ಕಾರ್ಡ್ ಆಯ್ತು, ಫಾರ್ಮ್‌ನಲ್ಲಿ ಅವಳದೇ ನಂಬರ್. ಅಲ್ಲಿನ ಕನ್ನಡ ಸಂಘದವರು ಮಕ್ಕಳ ಕನ್ನಡ ತರಗತಿಗೆ ಯಾರಾದ್ರೂ ಟೀಚರ್ ಇದ್ದಾರಾ ಅಂತ ಹುಡುಕ್ತಿದ್ರಂತೆ. ಅಕ್ಕನಿಗಲ್ಲ, ಸೀದಾ ಅಮ್ಮನಿಗೇ ಫೋನ್ ಬಂತು. ಒಂಬತ್ತು ಭಾನುವಾರ ಪಾಠ ಮಾಡಿದಳು. ‘ಳ’ ಮತ್ತು ‘ಲ’ ವ್ಯತ್ಯಾಸ ಟೆಕ್ಸಸ್‌ನ ಹನ್ನೊಂದು ಮಕ್ಕಳಿಗೆ ಗೊತ್ತಾಗಿದೆ ಅಂತ ಅವಳ ವಾದ.

ಅಕ್ಟೋಬರ್‌ನಲ್ಲಿ ವಾಪಸ್ ಬಂದ್ರು. ಮೊನ್ನೆ ಕಾಳು ಬಿಡಿಸ್ತಾ ಕೂತಿದ್ದಾಗ ಕೇಳಿದಳು, ‘ಆ ಡಲ್ಲಾಸ್ ನಂಬರ್ ಏನಾಯ್ತೋ? ಬೇರೆ ಯಾರಿಗೋ ಕೊಟ್ಟುಬಿಟ್ಟಿರ್ತಾರಾ?’ ನಂಬರ್ ಬಿಟ್ಟುಕೊಟ್ರೆ ಅಲ್ಲಿನ ನಿಯಮದ ಪ್ರಕಾರ ಕನಿಷ್ಠ 45 ದಿನ ಸುಮ್ಮನಿಟ್ಟು ಆಮೇಲೆ ಬೇರೆಯವರಿಗೆ ಕೊಡಬಹುದು ಅಂತ ಹೇಳಿದೆ. ಅವಳ ಮುಖ ನೋಡಿ ಅಕ್ಕನಿಗೆ ಮೆಸೇಜ್ ಹಾಕಿದೆ. ಆ ಲೈನ್ ತೆಗೆದಿಲ್ಲ ಅಂತ ಉತ್ತರ ಬಂತು, ತಿಂಗಳಾ ದುಡ್ಡು ಹೋಗ್ತಾನೇ ಇದೆ. ಅಮ್ಮನಿಗೆ ಓದಿ ಹೇಳಿದೆ. ದಂಡ ಅಂತ ಈ ಸಲ ಅನ್ನಲಿಲ್ಲ. ‘ಆ ಗುಜರಾತಿಯವರು ಫೆಬ್ರವರಿಗೆ ಮತ್ತೆ ಬರ್ತಾರಂತೆ, ಫೋನ್ ಮಾಡಿದ್ರೆ ಎತ್ತೋಕೆ ಅಕ್ಕನಿಗೆ ಹೇಳು’ ಅಂದು ಕಾಳಿನ ತಟ್ಟೆ ಎತ್ಕೊಂಡು ಒಳಗೆ ಹೋದಳು.